ರೂಟ್ ಒನ್ ಬದಿಯ ಹಲ್ಲುನೋವು

ವಿಜಯಶ್ರೀ ಗುಳೇದಗುಡ್ಡದವಳು. ಬಾಗಲಕೋಟೆಯಲ್ಲಿ ಹಲ್ಲಿನ ಡಾಕ್ಟರಿಕೆ ಓದಿ, ಅಲ್ಲಿಯೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಕುರ್ಚಿಯ ದವಾಖಾನೆ ನಡೆಸುತ್ತಿದ್ದಳು. ಕೈ ಹಗುರ ಎಂದು ಹೆಸರಾಗಿತ್ತು. ಮದುವೆಯಾಗಿ ಮೇರಿಲ್ಯಾಂಡಿಗೆ ಬಂದ ಮೇಲೆ, ತನ್ನ ಡಿಗ್ರಿ ಇಲ್ಲಿ ನಡೆಯುವುದಿಲ್ಲ, ಮತ್ತೆ ವರ್ಷಗಟ್ಟಲೆ ಕಾಲೇಜಿಗೆ ಹೋಗಬೇಕು ಎಂದು ತಿಳಿಯಿತು. ಗಂಡ ಕಲ್ಮೇಶ್ ಸೇತುವೆಗಳ ಗಟ್ಟಿತನ ಪರೀಕ್ಷಿಸುವ ಎಂಜಿನಿಯರ್. ಅವನು ಸಮಾಧಾನದ ಮಾತು ಹುಡುಕುತ್ತಿರುವಾಗಲೇ ಅವಳು ಬೇರೆ ದಾರಿ ಕಂಡುಕೊಂಡಿದ್ದಳು.

"ಪಬ್ಲಿಕ್ ಹೆಲ್ತ್ ಓದ್ತೀನ್ರೀ. ಒಬ್ಬೊಬ್ಬರ ಬಾಯಿ ನೋಡೂದು ಬಿಟ್ಟು, ಇಡೀ ಊರಿನ ಆರೋಗ್ಯ ಒಮ್ಮೆಲೇ ನೋಡೂದು" ಎಂದಳು.

ಓದು ಮುಗಿಯಿತು. ಕೋವಿಡ್ ಬಂತು. 2020ರ ಬೇಸಿಗೆಯಲ್ಲಿ ಸೋಂಕು ತಗುಲಿದವರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸ ಸಿಕ್ಕಿತು. ಯಾರ್‍ಯಾರ ಜೊತೆ ಇದ್ದಿರಿ ಎಂದು ಕೇಳಬೇಕು, ಬೇರೆ ಕೋಣೆಯಲ್ಲಿ ಇರಿ ಎಂದು ಹೇಳಬೇಕು. ಹೇಳಬೇಕಾದ ಮಾತೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಬರೆದಿರುತ್ತಿತ್ತು. ಒಂದು ದಿನ ಕೋಲ್ಡ್ ಸ್ಟೋರೇಜಿನಲ್ಲಿ ದುಡಿಯುವ ಒಬ್ಬನಿಗೆ ಅವಳು ಅದನ್ನೇ ಓದಿ ಹೇಳಿದಳು. ಅವನು, "ಇನ್ನೊಂದು ಕೋಣೆಯಲ್ಲಿ ನಮ್ಮ ಅಣ್ಣನ ಸಂಸಾರ ಇದೆ ಮೇಡಂ. ಅಡುಗೆಮನೆಯಲ್ಲಿ ಮಲಗಲಾ?" ಎಂದ. ಕುಹಕವಿಲ್ಲ, ನಿಜವಾಗಿಯೇ ಕೇಳುತ್ತಿದ್ದ. ಪರದೆಯ ಮೇಲೆ ಅದಕ್ಕೆ ಉತ್ತರ ಇರಲಿಲ್ಲ. ಇಬ್ಬರೂ ಸೇರಿ ಆ ಮನೆಯ ಕಿಟಕಿ ಯಾವ ಕಡೆಗಿದೆ, ಹಾಸಿಗೆ ಎಲ್ಲಿ ಎಳೆಯಬಹುದು ಎಂದು ಬಹಳ ಹೊತ್ತು ಮಾತಾಡಿದರು.

ಮನುಷ್ಯನ ಆರೋಗ್ಯವನ್ನು ಮನೆ, ಕೆಲಸ, ರಸ್ತೆ, ಬಸ್ಸು ಇವೆಲ್ಲ ಸೇರಿ ಆಸ್ಪತ್ರೆಗಿಂತ ಮೊದಲೇ ನಿರ್ಧಾರ ಮಾಡಿರುತ್ತವೆ ಎಂದು ಅವಳು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಗ್ರೇಡ್ ತೆಗೆದುಕೊಂಡಿದ್ದಳು. ಅದು ಅವಳಿಗೆ ಮನದಟ್ಟಾದದ್ದು ಆ ಫೋನಿನಲ್ಲಿ. ಕೋವಿಡ್ ತಗ್ಗಿದ ಮೇಲೆ ಅದೇ ರಾಜ್ಯದ ಕೊಲಂಬಿಯಾ ಎಂಬ ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ, ಇದೇ ವಿಷಯದ ಮೇಲೆ ಅಧ್ಯಯನ ಮಾಡುವ ಕೆಲಸಕ್ಕೆ ಸೇರಿಕೊಂಡಳು.

ಅವಳ ಮನೆ ಎಲಿಕಾಟ್ ಸಿಟಿಯಲ್ಲಿ. ಒಳ್ಳೆಯ ಶಾಲೆಗಳು, ಕತ್ತರಿಸಿಟ್ಟಂಥ ಹುಲ್ಲು, ಬೀದಿಗೊಂದಾದರೂ ಕನ್ನಡದವರ ಮನೆ. ಅದೇ ಕೌಂಟಿಯ, ಅಂದರೆ ಜಿಲ್ಲೆಯ, ಪೂರ್ವದ ಅಂಚಿನಲ್ಲಿ ರೂಟ್ ಒನ್ ಎಂಬ ಹೆದ್ದಾರಿ ಹಾದುಹೋಗುತ್ತದೆ. ಅದರ ಎರಡೂ ಬದಿಗೆ ಗೋದಾಮು, ಹಳೆಯ ಮೋಟೆಲ್, ಟ್ರಕ್ ನಿಲ್ಲುವ ಅಂಗಳ, ಅಗ್ಗದ ಅಪಾರ್ಟ್‌ಮೆಂಟು. ಎಲಿಕಾಟ್ ಸಿಟಿಯವರು ಅಲ್ಲಿಗೆ ಹೋಗುವುದು ಕೆಟ್ಟ ಕಾರನ್ನು ರಿಪೇರಿಗೆ ಬಿಡಲು ಮಾತ್ರ. ಆ ರಸ್ತೆಯ ಬದಿಯಲ್ಲಿ ಒಂದು ಸೇವಾ ಸಂಸ್ಥೆ ಉಚಿತ ದಂತ ಚಿಕಿತ್ಸಾಲಯ ನಡೆಸುತ್ತಿತ್ತು. ಮುಖ್ಯವಾಗಿ ಎಲ್ಮ್ ಹಾಲೋ ಎಂಬ ಅಪಾರ್ಟ್‌ಮೆಂಟಿನ ಜನರಿಗಾಗಿ ಅದನ್ನು ತೆರೆದಿದ್ದರು. ಆದರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ಬರುತ್ತಿರಲಿಲ್ಲ. ಡಾಕ್ಟರು ಕೈಗವಸು ಹಾಕಿಕೊಂಡು ಖಾಲಿ ಕುರ್ಚಿ ನೋಡುತ್ತ ಕೂರುವಂತಾಗಿತ್ತು.

ಸಂಸ್ಥೆಯ ಅಧ್ಯಕ್ಷ ವಿಟ್‌ಫೀಲ್ಡ್, ನಿವೃತ್ತ ದಂತವೈದ್ಯ, ಒಳ್ಳೆಯ ಮನುಷ್ಯ. ಆದರೆ ಬೇಸತ್ತಿದ್ದ. 2022ರಲ್ಲಿ ಕೇಂದ್ರಕ್ಕೆ ಬಂದು, "ಬಿಟ್ಟಿ ಕೊಟ್ಟರೂ ಬರುವುದಿಲ್ಲ ಎಂದರೆ ಅವರಿಗೆ ಹಲ್ಲಿನ ಮೇಲೆ ಅಕ್ಕರೆಯಿಲ್ಲ ಅಂತಲೇ ಅರ್ಥ. ಕೊಲಂಬಿಯಾದಿಂದ ಬರುವವರು ತಪ್ಪಿಸುವುದಿಲ್ಲ, ಚಿಕಿತ್ಸಾಲಯವನ್ನು ಅಲ್ಲಿಗೇ ಸ್ಥಳಾಂತರಿಸೋಣ ಎಂದುಕೊಂಡಿದ್ದೇವೆ. ಅದಕ್ಕೆ ಮೊದಲು ನೀವೊಂದು ಅಧ್ಯಯನ ಮಾಡಿಕೊಡಿ" ಎಂದು ಕೇಳಿದ. ಕೆಲಸ ವಿಜಯಶ್ರೀಯ ಪಾಲಿಗೆ ಬಂತು. ಲೆಕ್ಕಾಚಾರದ ಭಾಗಕ್ಕೆ ಮೈಸೂರಿನ ಹರಿಣಿ ಇದ್ದಳು. ಅಂಕಿಅಂಶಗಳಲ್ಲಿ ಬಹಳ ಚುರುಕು, ಪುರಾವೆಯಿಲ್ಲದ ಮಾತನ್ನು ಒಪ್ಪುವವಳಲ್ಲ.

ಮೊದಲು ಫೋನ್ ಸರ್ವೇ ಮಾಡಿಸಿದರು. ಪ್ರಶ್ನೆಗಳನ್ನು ವಿಜಯಶ್ರೀಯೇ ಬರೆದಿದ್ದಳು. ಉತ್ತರ ಬಂದ ಮೇಲೆ ಹರಿಣಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು.

"ಡೇಟಾ ಕ್ಲಿಯರ್ ಆಗಿದೆ ವಿಜಯಶ್ರೀ. ಯಾಕೆ ಬರ್ಲಿಲ್ಲ ಅಂದ್ರೆ ಹೆಚ್ಚಿನೋರು 'ಮರೆತೆ' ಅಂತಾನೇ ಹೇಳಿದಾರೆ. ರಿಮೈಂಡರ್ ಟೆಕ್ಸ್ಟ್ ಕಳಿಸಿದ್ರೆ ಸಾಲ್ವ್ ಆಗತ್ತೆ."

"ಹಲ್ಲು ನೋಯೂದನ್ನ ಯಾರಾದ್ರೂ ಮರೀತಾರೇನ್ರೀ ಹರಿಣಿ?"

"ನಂಗೇನ್ ಗೊತ್ತು? ಸರ್ವೇ ಹಾಗೆ ಹೇಳ್ತಿದೆ. ಬೇರೆ ಎವಿಡೆನ್ಸ್ ಇದ್ರೆ ಕೊಡಿ, ನೋಡೋಣ."

ವಿಜಯಶ್ರೀಯ ಹತ್ತಿರ ಬೇರೆ ಪುರಾವೆ ಇರಲಿಲ್ಲ. ಇಂಗ್ಲಿಷಿನಲ್ಲಿ, ಸ್ಪ್ಯಾನಿಶ್‌ನಲ್ಲಿ ನೆನಪಿನ ಸಂದೇಶಗಳು ಹೋದವು. ಕುರ್ಚಿ ಖಾಲಿಯೇ ಉಳಿಯಿತು. ಅವಳು ಎಲ್ಮ್ ಹಾಲೋಗೆ ಹೋಗಿ, ಬಟ್ಟೆ ಒಗೆಯುವ ಮಷೀನುಗಳ ಕೋಣೆಯಲ್ಲಿ ನಿಂತು ಜನರನ್ನು ಮಾತಾಡಿಸಿದಳು. ಎಲ್ಲರೂ ವಿನಯದಿಂದ ನಡೆದುಕೊಂಡರು, ಮರೆತುಹೋಯಿತು ಎಂದರು, ತುಟಿ ಬಿಚ್ಚದೆ ನಕ್ಕರು.

ಆ ದಿನಗಳಲ್ಲಿ ಅವಳ ಅತ್ತೆ ಶಿವಕ್ಕ ಗ್ರೀನ್ ಕಾರ್ಡ್ ಸಿಕ್ಕಿ ಇವರ ಜೊತೆಗೇ ಇದ್ದಳು. ಗಟ್ಟಿ ಹೆಂಗಸು. ಊರಿನಿಂದ ಬರುವಾಗ ಖಡಕ್ ರೊಟ್ಟಿಯ ಕಟ್ಟನ್ನು ಸೀರೆಗಳ ನಡುವೆ ಇಟ್ಟು ಮುರಿಯದಂತೆ ತಂದವಳು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಶಿವಕ್ಕ ರೊಟ್ಟಿಯನ್ನು ಚೂರು ಮಾಡಿ ಮಜ್ಜಿಗೆಯಲ್ಲಿ ನೆನೆಸುತ್ತಿರುವುದು ವಿಜಯಶ್ರೀಯ ಕಣ್ಣಿಗೆ ಬಿತ್ತು. ಕಲ್ಮೇಶ್ ಏನೋ ತಮಾಷೆ ಮಾಡಿದ. ಶಿವಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಡಗಡೆಯ ಕೆನ್ನೆ ಕೊಂಚ ಊದಿದಂತಿತ್ತು.

"ಅತ್ತೀ, ಬಾಯಿ ತೆಗೀರಿ ನೋಡೂಣು."

"ಏನಿಲ್ಲ ಬಿಡವಾ. ಊಟಾ ಮಾಡು."

ವಿಜಯಶ್ರೀ ಬಿಡಲಿಲ್ಲ. ಕೈ ತೊಳೆದು ಬಂದು ಮೊಬೈಲ್ ಟಾರ್ಚ್ ಹಚ್ಚಿ ನೋಡಿದಳು. ಕೆಳಗಿನ ದವಡೆ ಹಲ್ಲು ಅರ್ಧ ಮುರಿದಿತ್ತು, ಒಸಡು ಕೀವು ತುಂಬಿ ಬಾತಿತ್ತು.

"ಹೋದ ತಿಂಗಳ ಚೆಕಪ್ಪಿಗೆ ಹಲ್ಲಿನ ಡಾಕ್ಟರ ಕಡೆ ಹೋಗೂ ದಿನ ನೀವು ವಾಕಿಂಗ್ ಹೋಗಿಬಿಟ್ರಿ. ಕೇಳಿದ್ರ ಮರತೆ ಅಂದ್ರಿ. ಇಷ್ಟು ನೋಯೂದನ್ನ ಹ್ಯಾಂಗ ಮರತ್ರಿ ಅತ್ತೀ?"

ಶಿವಕ್ಕ ತಟ್ಟೆ ನೋಡುತ್ತ ಹೇಳಿದಳು. "ಮರಿಯೂದು ಎಲ್ಲಿಂದ ಬಂತು? ನೀ ಅವತ್ತ ಮೀಟಿಂಗ್ ಐತಿ ಅಂತ ಒದ್ದಾಡಾಕತ್ತಿದ್ದಿ. ಇಂವ ಸೇತುವಿ ಬಿಟ್ಟ ಬರಬೇಕಿತ್ತು. ನನಗ ಕಾರ್ ಹೊಡಿಯಾಕ ಬರೂದಿಲ್ಲ, ಅವರ ಮಾತೂ ಬರೂದಿಲ್ಲ. ಮ್ಯಾಲ ಇಂಥಾ ಹಲ್ಲ ತೋರಸಾಕ ನಾಚಿಕಿ. ಡಾಕ್ಟರಿಣಿ ಮನ್ಯಾಗಿದ್ದು ಹಿಂಗಾ ಅಂತಾರ. ಇಷ್ಟೆಲ್ಲಾ ಯಾರ ಮುಂದ ಹೇಳಕೋತ ಕುಂಡ್ರಲಿ? ಮರತೆ ಅಂದ್ರ ಅಲ್ಲಿಗೇ ಮಾತ ಮುಗೀತೈತಿ."

ಮರುದಿನವೇ ಕಲ್ಮೇಶ್ ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಹೋದ. ಹಲ್ಲು ಕಿತ್ತರು. ವಾರ ಕಳೆಯುವುದರೊಳಗೆ ಶಿವಕ್ಕ ಮತ್ತೆ ರೊಟ್ಟಿಯನ್ನು ಕಟಕಟ ಮುರಿದು ತಿನ್ನತೊಡಗಿದಳು. ತನ್ನದೇ ಮನೆಯಲ್ಲಿ ಇದು ಕಾಣಲಿಲ್ಲವಲ್ಲ ಎಂದು ವಿಜಯಶ್ರೀಗೆ ಎರಡು ದಿನ ಮನಸ್ಸು ಚುರುಗುಟ್ಟಿತು. ಮೂರನೆಯ ದಿನ ಅವಳು ಕೇಂದ್ರಕ್ಕೆ ಹೋಗಿ, ಸರ್ವೇಯ ಪ್ರಶ್ನೆಗಳನ್ನೇ ಕಿತ್ತುಹಾಕುತ್ತೇನೆ ಎಂದಳು. ಯಾಕೆ ಬರಲಿಲ್ಲ ಎಂದು ಇನ್ನು ಯಾರನ್ನೂ ಕೇಳುವುದಿಲ್ಲ. ಅಪಾಯಿಂಟ್‌ಮೆಂಟಿನ ದಿನ ಬೆಳಿಗ್ಗೆ ಎದ್ದಾಗಿನಿಂದ ಏನೇನು ನಡೆಯಿತು, ಅದನ್ನು ಹೇಳಿ ಎನ್ನುತ್ತೇನೆ ಎಂದು ವಿವರಿಸಿದಳು.

ಎಲ್ಮ್ ಹಾಲೋದಲ್ಲಿ ಮಿಸ್ ಒಡೆಸಾ ಎಂಬ ಕಪ್ಪು ಜನಾಂಗದ ಹಿರಿಯ ಹೆಂಗಸು ಬಾಡಿಗೆದಾರರ ಸಂಘದ ಮುಖ್ಯಸ್ಥೆ. ಇಡೀ ಜೀವಮಾನ ಶಾಲೆಯ ಬಸ್ ಓಡಿಸಿದವಳು. ವಿಜಯಶ್ರೀ ಹೊಸ ಪ್ರಶ್ನೆ ಹೇಳಿದಾಗ ಅವಳು ಕುರ್ಚಿ ಎಳೆದು ಕೊಟ್ಟಳು. "ಇದಕ್ಕಾದರೆ ಜನ ಕೂತು ಮಾತಾಡುತ್ತಾರೆ" ಎಂದು ಮನೆಮನೆಗೆ ತಾನೇ ಕರೆದುಕೊಂಡು ಹೋದಳು.

ಮೊದಲು ಸಿಕ್ಕವಳು ಯೆಸೆನಿಯಾ, ಎಲ್ ಸಾಲ್ವಡಾರಿನವಳು, ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಅವಳ ಆ ದಿನದ ಕಥೆ ಹೀಗಿತ್ತು. ಶಿಫ್ಟಿನ ನಡುವೆ ಅನುಮತಿ ಬೇಡಿ ಹೊರಟಳು. ಒಂದು ಬಸ್ ಹಿಡಿದು ಇಳಿಯುವಷ್ಟರಲ್ಲಿ ಇನ್ನೊಂದು ಬಸ್ ಹೊರಟುಹೋಗಿತ್ತು. ರೂಟ್ ಒನ್ ಬದಿಯಲ್ಲಿ ನಡೆದು ಚಿಕಿತ್ಸಾಲಯ ಮುಟ್ಟಿದಾಗ ತಡವಾಗಿತ್ತು. ತಡವಾದವರಿಗೆ ಬೇರೆ ದಿನ ಎಂಬ ನಿಯಮ ಹೇಳಿ ಕಿಟಕಿಯಿಂದಲೇ ವಾಪಸು ಕಳಿಸಿದರು. ಇನ್ನೊಮ್ಮೆಯೂ ಹೀಗೇ ಆಯಿತು. ಎರಡು ಸಲ ತಪ್ಪಿಸಿದವರಿಗೆ ಅರ್ಧ ವರ್ಷ ಅಪಾಯಿಂಟ್‌ಮೆಂಟ್ ಇಲ್ಲ ಎಂಬುದು ಇನ್ನೊಂದು ನಿಯಮ. ಅವಳು ಹಲ್ಲಿಗೆ ಲವಂಗದ ಎಣ್ಣೆ ಒತ್ತಿಕೊಂಡು ಕೆಲಸ ಮಾಡುತ್ತಿದ್ದಳು.

"ಮತ್ತೆ ಫೋನಿನಲ್ಲಿ ಕೇಳಿದಾಗ ಮರೆತೆ ಅಂದಿರಲ್ಲ?"

ಯೆಸೆನಿಯಾ ಭುಜ ಕುಣಿಸಿದಳು. "ಕೇಳಿದ ಹುಡುಗಿ ಉತ್ತರಗಳನ್ನೂ ತಾನೇ ಓದಿದಳು. ಮರೆತೆ, ಬಿಡುವಿರಲಿಲ್ಲ, ಬೇಡ ಅನ್ನಿಸಿತು. ಅದರಲ್ಲಿ ಮರ್ಯಾದೆ ಉಳಿಯುವ ಉತ್ತರ ಮರೆತೆ ಎಂಬುದೊಂದೇ ಇತ್ತು."

ಆ ಉತ್ತರಗಳನ್ನು ಬರೆದವಳು ವಿಜಯಶ್ರೀ. ಅವಳು ಅದನ್ನು ಅಲ್ಲೇ ಒಪ್ಪಿಕೊಂಡಳು. ಯೆಸೆನಿಯಾ ಕಾಫಿ ಮಾಡಲು ಎದ್ದಳು.

ವಾರ ಕಳೆದಂತೆ ಇಂಥ ಕಥೆಗಳು ರಾಶಿ ಬಿದ್ದವು. ಹರಿಣಿ ಎಲ್ಲವನ್ನೂ ಓದಿದಳು. ಆದರೂ ತಲೆಯಾಡಿಸಿದಳು.

"ಸ್ಟೋರೀಸ್ ತುಂಬಾ ಸ್ಟ್ರಾಂಗ್ ಆಗಿವೆ, ಒಪ್ತೀನಿ. ಆದ್ರೆ ಎಲ್ಮ್ ಹಾಲೋ ಇಂದ ಕ್ಲಿನಿಕ್‌ಗೆ ಆರೇ ನಿಮಿಷ ಅಂತ ಮ್ಯಾಪ್ ಹೇಳ್ತಿದೆ. ಕ್ಲಿನಿಕ್ ಬೋರ್ಡ್‌ನವರು ಅದನ್ನೇ ಕೇಳ್ತಾರೆ."

"ಅದು ಕಾರಿನ ಆರು ನಿಮಿಷ. ನಾಳೆ ನನ್ನ ಜೊತಿ ಬಸ್ಸಿಗೆ ಬರ್ರಿ."

ಜುಲೈ ತಿಂಗಳ ಬಿಸಿಲಿನಲ್ಲಿ ಇಬ್ಬರೂ ಎಲ್ಮ್ ಹಾಲೋದಿಂದ ಬಸ್ ಹತ್ತಿದರು. ಬಸ್ ಬದಲಿಸುವ ನಿಲ್ದಾಣದಲ್ಲಿ ಇಳಿದಾಗ, ಮುಂದಿನ ಬಸ್ ಸಿಗ್ನಲ್ ದಾಟುತ್ತಿರುವುದು ಕಂಡಿತು. ನಡೆಯಲು ಹೊರಟರು. ಸ್ವಲ್ಪ ದೂರಕ್ಕೆ ಫುಟ್‌ಪಾತ್ ಮುಗಿದುಹೋಯಿತು. ಅಲ್ಲಿಂದ ಮುಂದೆ ಮೊಣಕಾಲುದ್ದದ ಹುಲ್ಲು, ಒಡೆದ ಗಾಜು, ಚರಂಡಿಯ ಇಳಿಜಾರು. ಹದಿನೆಂಟು ಗಾಲಿಯ ಟ್ರಕ್ಕೊಂದು ಪಕ್ಕದಲ್ಲೇ ಹೋದಾಗ ಅದರ ಗಾಳಿಗೆ ಹರಿಣಿ ಒಂದು ಹೆಜ್ಜೆ ಪಕ್ಕಕ್ಕೆ ವಾಲಿದಳು. ವಿಜಯಶ್ರೀ ತೋಳು ಹಿಡಿದುಕೊಂಡಳು.

"ಅಯ್ಯೋ ದೇವ್ರೇ! ಇದೂ ನಮ್ ಕೌಂಟೀನೇನಾ?"

"ಇದೂ ನಮ್ಮ ಕೌಂಟೀನ. ಹಲ್ಲು ನೋಯಕೋತ, ಕೂಸಿನ್ನ ಎತ್ತಿಕೊಂಡು ನಡೀಬೇಕಂದ್ರ ಹ್ಯಾಂಗಿರಬೇಕು ಹೇಳ್ರಿ."

ಚಿಕಿತ್ಸಾಲಯದ ಬಾಗಿಲು ಮುಟ್ಟಿದಾಗ ಹರಿಣಿಯ ಚಪ್ಪಲಿಯ ಪಟ್ಟಿ ಕಿತ್ತಿತ್ತು. ನಿಯಮದ ಪ್ರಕಾರ ಇಬ್ಬರೂ ತಡವಾಗಿ ಬಂದವರೇ. ನೀರು ಕುಡಿದು ದಣಿವಾರಿಸಿಕೊಂಡ ಮೇಲೆ ಅವಳು ಹೇಳಿದಳು: "ನಾನು ಮಾಡೆಲ್‌ಗೆ ಹಾಕಿದ್ದು ಕಾರ್ ಇರೋರ ಡಿಸ್ಟೆನ್ಸ್. ಬಸ್ ಟೈಮ್, ವಾಕಿಂಗ್, ಶಿಫ್ಟ್ ಟೈಮಿಂಗ್ ಎಲ್ಲಾ ಸೇರ್ಸಿ ಪೂರ್ತಿ ಮತ್ತೆ ರನ್ ಮಾಡ್ತೀನಿ."

ಅವಳು ಮಾಡಿದ ಹೊಸ ಲೆಕ್ಕ ಅಳ್ಳಾಡಿಸಲಾಗದಂತಿತ್ತು. ಎಲ್ಮ್ ಹಾಲೋದಲ್ಲಿ ಕಾರು ಇದ್ದವರು ಕೊಲಂಬಿಯಾದವರಷ್ಟೇ ನಿಯತ್ತಾಗಿ ಬರುತ್ತಿದ್ದರು. ತಪ್ಪಿಸುತ್ತಿದ್ದವರು ಬಸ್ಸನ್ನೇ ನಂಬಿದವರು. ಅರ್ಧ ವರ್ಷ ದೂರ ಇಡುವ ನಿಯಮ ಹೆಚ್ಚಾಗಿ ತಟ್ಟುತ್ತಿದ್ದುದು, ನೋವು ತಡೆಯಲಾರದೆ ಎರಡೆರಡು ಸಲ ಹೊರಟು ಬಂದವರಿಗೇ.

ಸಂಸ್ಥೆಯ ಸಭೆಯಲ್ಲಿ ಹರಿಣಿ ಅಂಕಿಗಳನ್ನು ಇಟ್ಟಳು. ಮಿಸ್ ಒಡೆಸಾ ರಸ್ತೆಯ ವಿಷಯ ಹೇಳಿದಳು. ವಿಟ್‌ಫೀಲ್ಡ್ ಗಮನವಿಟ್ಟು ಕೇಳಿದ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಬಸ್ ನನ್ನ ಕೈಯಲ್ಲಿಲ್ಲ. ತಡವಾದವರನ್ನೂ ನೋಡಿ ಅಂದರೆ ಇಡೀ ದಿನದ ವೇಳಾಪಟ್ಟಿ ಕುಸಿಯುತ್ತದೆ. ಅಪಾಯಿಂಟ್‌ಮೆಂಟ್ ಇಲ್ಲದೆ ದಂತ ಚಿಕಿತ್ಸಾಲಯ ನಡೆಯುವುದಿಲ್ಲ."

"ನಡೆಯುತ್ತದೆ" ಎಂದಳು ವಿಜಯಶ್ರೀ. "ನಾನು ನಡೆಸಿದ್ದೇನೆ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ದಂತವೈದ್ಯೆ ಎಂಬುದು ಆ ಮೇಜಿನ ಸುತ್ತ ಕೂತಿದ್ದ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಅವಳು ಬಾಗಲಕೋಟೆಯ ದವಾಖಾನೆಯ ಬಗ್ಗೆ ಹೇಳಿದಳು. ಹಳ್ಳಿಯ ಬಸ್ ಯಾವಾಗ ಬರುತ್ತದೋ ಆಗ ರೋಗಿಗಳು ಬರುತ್ತಿದ್ದರು. ಗೋಡೆಗೆ ಒಂದು ಬೆಂಚು ಇತ್ತು. ಬಂದವರು ಕೂರುತ್ತಿದ್ದರು. ಕೆನ್ನೆ ಊದಿದವರನ್ನು ಮೊದಲು ಒಳಗೆ ಕರೆಯುತ್ತಿದ್ದಳು, ಹಲ್ಲು ಸ್ವಚ್ಛ ಮಾಡಿಸಿಕೊಳ್ಳುವವರು ಆಮೇಲೆ. ಕುರ್ಚಿ ಖಾಲಿ ಉಳಿದ ದಿನ ನೆನಪಿಲ್ಲ.

"ವಾರದ ದಿನಗಳಲ್ಲಿ ನಿಮ್ಮ ವೇಳಾಪಟ್ಟಿ ಹಾಗೇ ಇರಲಿ. ಭಾನುವಾರ ಮಾತ್ರ ಎಲ್ಮ್ ಹಾಲೋದ ಸಭಾಂಗಣದಲ್ಲಿ ಮಡಚುವ ಕುರ್ಚಿ ಹಾಕಿ ಕೂರೋಣ. ಅಪಾಯಿಂಟ್‌ಮೆಂಟ್ ಬೇಡ, ಬೆಂಚು ಸಾಕು. ಮೂರು ತಿಂಗಳು ಕೊಡಿ. ಜನ ಬರದಿದ್ದರೆ ಕೊಲಂಬಿಯಾಕ್ಕೆ ಹೋಗಬಹುದು ಎಂದು ನಾನೇ ವರದಿ ಬರೆದುಕೊಡುತ್ತೇನೆ."

ವಿಟ್‌ಫೀಲ್ಡ್ ಮೂರು ತಿಂಗಳು ಕೊಟ್ಟ.

ಮೊದಲ ಭಾನುವಾರ ಬೆಳಿಗ್ಗೆ ಸಭಾಂಗಣದಲ್ಲಿ ಕುರ್ಚಿ, ದೀಪ, ಹಲ್ಲು ಕೊರೆಯುವ ಯಂತ್ರಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಎಲ್ಲ ಸಿದ್ಧವಾದವು. ಸ್ವಯಂಸೇವೆಗೆ ಬಂದ ಇಬ್ಬರು ಡಾಕ್ಟರು ಕಾಯುತ್ತಿದ್ದರು. ಯಾರೂ ಬರಲಿಲ್ಲ. ಬಾಗಿಲ ಹೊರಗೆ ಒಂದಷ್ಟು ಜನ ಕೈಕಟ್ಟಿ ನಿಂತು ನೋಡುತ್ತಿದ್ದರು. ಆಗ ಮಿಸ್ ಒಡೆಸಾ ತನ್ನ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, "ಸರಿ, ನನ್ನಿಂದಲೇ ಶುರುವಾಗಲಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕುರ್ಚಿಯಲ್ಲಿ ಒರಗಿದಳು. ಕಂಪ್ರೆಸರ್ ಚಾಲೂ ಮಾಡಿದ ಕೂಡಲೇ ಇಡೀ ಸಭಾಂಗಣದ ಕರೆಂಟ್ ಹೋಯಿತು. ಹೊರಗೆ ನಿಂತವರಲ್ಲಿ ಇಬ್ಬರು ನಗುತ್ತ ಒಳಗೆ ಬಂದು, ಬೇರೆ ಕೋಣೆಯಿಂದ ತಂತಿ ಎಳೆದು ಸರಿಮಾಡಿದರು. ಒಳಗೆ ಬಂದವರು ಹೊರಗೆ ಹೋಗಲಿಲ್ಲ, ಬೆಂಚಿನ ಮೇಲೆ ಕೂತರು. ಅವರ ಹಿಂದೆ ಯೆಸೆನಿಯಾ ಬಂದಳು, ಅವಳ ಹಿಂದೆ ಇನ್ನೂ ಜನ ಬಂದರು.

ಈ ದೇಶದಲ್ಲಿ ಯಾರ ಬಾಯಿಗೂ ಕೈ ಹಾಕುವ ಪರವಾನಗಿ ವಿಜಯಶ್ರೀಗೆ ಇರಲಿಲ್ಲ. ಅವಳು ಬೆಂಚಿನ ಹತ್ತಿರ ನಿಂತು, ಯಾರ ನೋವು ಹೆಚ್ಚು ಎಂದು ವಿಚಾರಿಸಿ ಸರದಿ ನೋಡಿಕೊಂಡಳು. ಮಧ್ಯಾಹ್ನಕ್ಕೆ ಶಿವಕ್ಕ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಮಗನ ಜೊತೆ ಬಂದಳು. ಬೆಂಚಿನ ತುದಿಯಲ್ಲಿ ಕೂತು, ಪಕ್ಕದಲ್ಲಿದ್ದ ಯೆಸೆನಿಯಾಳ ತಾಯಿಗೆ ತನ್ನ ಬಾಯಿ ತೆರೆದು ಹಲ್ಲು ಕಿತ್ತ ಜಾಗ ತೋರಿಸಿದಳು. ಆಕೆಯೂ ತನ್ನದನ್ನು ತೋರಿಸಿದಳು. ಮಾತು ಬೇಕಾಗಲಿಲ್ಲ.

ಮೂರು ತಿಂಗಳು ಮುಗಿಯುವ ಹೊತ್ತಿಗೆ ಭಾನುವಾರದ ಬೆಂಚು ಸಾಲದೆ ಇನ್ನೊಂದು ತರಿಸಬೇಕಾಯಿತು. ಕೊಲಂಬಿಯಾದ ಮಾತು ಬಿದ್ದುಹೋಯಿತು. ಅರ್ಧ ವರ್ಷ ದೂರ ಇಡುವ ನಿಯಮವನ್ನು ಸಂಸ್ಥೆ ಕೈಬಿಟ್ಟಿತು. ವಿಟ್‌ಫೀಲ್ಡ್ ಒಂದು ಭಾನುವಾರ ನೋಡಲು ಬಂದವನು, ಜನ ಹೆಚ್ಚಿರುವುದು ಕಂಡು ಕೋಟು ಬಿಚ್ಚಿ ಕೈಗವಸು ಹಾಕಿಕೊಂಡ. ಆಮೇಲೆ ತಪ್ಪದೆ ಬರತೊಡಗಿದ. ಒಮ್ಮೆ ಸಾಮಾನು ಕಟ್ಟುವಾಗ ವಿಜಯಶ್ರೀಗೆ, "ನಾನು ಅಕ್ಕರೆಯಿಲ್ಲ ಅಂದಿದ್ದೆನಲ್ಲ, ಆ ಮಾತು ತಪ್ಪು" ಎಂದ. ಅವಳು, "ನನ್ನ ಸರ್ವೇಯೂ ತಪ್ಪನ್ನೇ ಹೇಳಿತ್ತು ಡಾಕ್ಟರ್" ಎಂದು ನಕ್ಕಳು.

ಅಧ್ಯಯನದ ನಕಾಶೆಯನ್ನು ಮಿಸ್ ಒಡೆಸಾ ಕೌಂಟಿಯ ರಸ್ತೆ ಇಲಾಖೆಗೆ ತೆಗೆದುಕೊಂಡು ಹೋದಳು. ಮೊದಲ ಸಲ ಆಗುವುದಿಲ್ಲ ಎಂದರು, ಎರಡನೆಯ ಸಲ ನೋಡೋಣ ಎಂದರು. ಅವಳು ಪ್ರತಿ ಸಭೆಗೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಈಗ ರಸ್ತೆಯ ಒಂದು ಬದಿಗೆ ಫುಟ್‌ಪಾತ್ ಬಂದಿದೆ. ಇನ್ನೊಂದು ಬದಿಗೆ ಇನ್ನೂ ಹುಲ್ಲೇ ಇದೆ.

2025ರಲ್ಲಿ ಸಂಶೋಧನಾ ಕೇಂದ್ರಕ್ಕೆ ಬರುತ್ತಿದ್ದ ಸರ್ಕಾರದ ಅನುದಾನ ನಿಂತಿತು. ಆರೋಗ್ಯ ಸಮಾನತೆಯ ಅಧ್ಯಯನಗಳು ಒಂದರ ಹಿಂದೆ ಒಂದು ಮುಚ್ಚಿಹೋದವು. ಇಬ್ಬರ ಕೆಲಸವೂ ಹೋಯಿತು. ಹರಿಣಿ ಒಂದು ವಿಮಾ ಕಂಪನಿಗೆ ಸೇರಿದಳು. ಹೊರಡುವ ದಿನ, "ನಿಮ್ಗೇನೂ ಭಯ ಆಗ್ತಿಲ್ವಾ?" ಎಂದು ಕೇಳಿದಳು.

"ಭಯ ಯಾಕ್ರಿ? ಕೆಲಸ ಎಲ್ಲಿ ಐತಿ ಅಂತ ನನಗ ಗೊತ್ತೈತಿ" ಎಂದಳು ವಿಜಯಶ್ರೀ.

ಅವಳು ಹೇಳಿದಂತೆಯೇ ಆಯಿತು. ಸೇವಾ ಸಂಸ್ಥೆಯೇ ಅವಳನ್ನು ಪೂರ್ಣಾವಧಿ ಕೆಲಸಕ್ಕೆ ತೆಗೆದುಕೊಂಡಿತು. ಸಂಬಳ ಕೊಂಚ ಇಳಿಯಿತು, ಮನೆಯಲ್ಲಿ ಮಾತಾಡಿಕೊಂಡು ಹೊಂದಿಸಿಕೊಂಡರು. ಭಾನುವಾರದ ಬೆಂಚಿನ ಸುದ್ದಿ ದೂರಕ್ಕೆ ಹೋಗಿತ್ತು. ಉತ್ತರ ಕೆರೊಲಿನಾದ ಒಂದು ಸಣ್ಣ ಪಟ್ಟಣದ ಚರ್ಚಿನವರು, ಮುಚ್ಚಿಹೋದ ಬಟ್ಟೆ ಗಿರಣಿಯ ಸುತ್ತಲಿನ ಜನರಿಗಾಗಿ ಇಂಥದೇ ಒಂದನ್ನು ಶುರುಮಾಡಲು ಅವಳನ್ನು ಕರೆಸಿಕೊಂಡರು. ಗುಳೇದಗುಡ್ಡ ನೇಕಾರರ ಊರು, ಗಿರಣಿ, ಮಗ್ಗ ಎಂದರೆ ಅವಳಿಗೆ ಹೊಸದಲ್ಲ. ಈಗ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಾಳೆ. ಅಲ್ಲಿ ಬಸ್ಸೇ ಇಲ್ಲ. ಹಾಗಾದರೆ ಕುರ್ಚಿಯನ್ನು ವ್ಯಾನಿನಲ್ಲಿ ಹೇರಿಕೊಂಡು ಬಾಗಿಲಿಗೇ ಹೋಗೋಣ ಎಂದು ಅವಳೂ ಚರ್ಚಿನ ಹೆಂಗಸರೂ ಸೇರಿ ನಿರ್ಧರಿಸಿದ್ದಾರೆ. ವ್ಯಾನು ಸಿಕ್ಕಿದೆ. ಈಗ ಓಡಿಸುವವರನ್ನು ಹುಡುಕುತ್ತಿದ್ದಾರೆ.